ಯಾವ ಗುರುತು ಯಾರದು

ಜನವರಿ 9

ತಮ್ಮಾ,

ನಿನ್ನ ಮಗಳು ಕಚ್ಚಿದ ಜಾಗ ಇನ್ನೂ ಮಾಗಿಲ್ಲ. ಹಿಟ್ಟು ನಾದುವಾಗ ಉಪ್ಪು ತಗುಲಿ ಚುರ್ರೆನ್ನುತ್ತದೆ, ಆಗೆಲ್ಲ ಚೂಟಿಯ ನೆನಪಾಗುತ್ತದೆ. ಎಂಟು ವರ್ಷದ ಹುಡುಗಿಯ ಹಲ್ಲು ಇಷ್ಟು ಆಳಕ್ಕೆ ಇಳಿಯುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ತಪ್ಪು ನನ್ನದೇ. ಅವಳು ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು, ನಾನು ಅತ್ತೆಯೆಂಬ ಸಲಿಗೆಯಿಂದ ಎತ್ತಿಕೊಳ್ಳಲು ಹೋದೆ.

ಡಬ್ಬಿಯಲ್ಲಿ ಎಂಟು ಬ್ರೆಡ್ಡು ಇಟ್ಟಿದ್ದೇನೆ. ಎಂದಿನಂತೆ ಬೆಳಗಿನ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತೇನೆ. ಖಾಲಿ ಡಬ್ಬಿ ವಾಪಸು ಕಳಿಸುವಾಗ ಉತ್ತರವನ್ನು ಅದರೊಳಗೇ ಇಡು. ಫೋನು ಬೇಡ. ನಿನ್ನ ಮನೆಯಲ್ಲಿ ಫೋನು ರಿಂಗಾದರೆ ಚೂಟಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾಳೆ. ಅದೂ ಅಲ್ಲದೆ ನಾವಿಬ್ಬರು ಮೂರನೆಯ ಮಾತಿಗೇ ಕಿರುಚಾಡುತ್ತೇವೆ. ಕಾಗದದಲ್ಲಿ ಎಷ್ಟು ಕಿರುಚಿದರೂ ಪಕ್ಕದ ಮನೆಯವರಿಗೆ ಕೇಳಿಸುವುದಿಲ್ಲ.

ನಾನು ನಿನ್ನ ಮನೆಯಿಂದ ಹೊರಡುವಾಗ ನೀನು ಕೇಳಿದೆಯಲ್ಲ, “ಅಕ್ಕಾ, ಇದೆಲ್ಲ ತಿನ್ನೋದ್ರಿಂದ ಬಂದಿರಬಹುದಾ?” ಎಂದು. ನನಗೇನು ಗೊತ್ತು, ನಾನು ಬೇಕರಿಯ ಒಲೆಯ ಮುಂದೆ ನಿಲ್ಲುವವಳು. ಆಸ್ಪತ್ರೆಯವರು ಎರಡು ಹೆಸರು ಬರೆದುಕೊಟ್ಟರು, ಆಟಿಸಂ ಒಂದು, ಎಡಿಎಚ್‌ಡಿ ಇನ್ನೊಂದು. ಊಟದ ಬಗ್ಗೆ ಅವರೇನೂ ಹೇಳಲಿಲ್ಲ ಎಂದು ನೀನೇ ಹೇಳಿದ್ದೆ. ಅವಳು ಮುಟ್ಟುವುದು ನಾಲ್ಕೇ ಪದಾರ್ಥ: ನನ್ನ ಬ್ರೆಡ್ಡು, ಹಾಲು, ಉಪ್ಪು ಬಿಸ್ಕತ್ತು, ಮತ್ತೆ ಆ ಕಿತ್ತಳೆ ಬಣ್ಣದ ಪುಡಿ ಕಲಸಿದ ನೀರು. ಮೊದಲ ಮೂರರ ಮೇಲೆ ನನಗೆ ಅನುಮಾನವಿಲ್ಲ. ಆದರೆ ಆ ಕಿತ್ತಳೆ ನೀರು ಕುಡಿದ ಲೋಟವನ್ನು ಎಷ್ಟು ಉಜ್ಜಿದರೂ ಬಣ್ಣ ಬಿಡುವುದಿಲ್ಲ. ಲೋಟಕ್ಕೇ ಹಾಗಾದರೆ ಮಗುವಿನ ತಲೆಗೆ ಏನಾಗುತ್ತದೋ. ಎರಡು ವರ್ಷದಿಂದ ಬಡಕೊಳ್ಳುತ್ತಿದ್ದೇನೆ, ಮೊದಲು ಅದನ್ನು ನಿಲ್ಲಿಸು.

ಮತ್ತೆ, ನಿನ್ನ ಕೈ ಜೇಬಿನಲ್ಲಿರಲಿ. ಅವಳ ಅಮ್ಮ ಮಗಳ ಕಾಟಕ್ಕೆ ಹೆದರಿ ಮನೆ ಬಿಟ್ಟು ಹೋದಳು ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗು, ನನ್ನ ಮುಂದೆ ಹೇಳಬೇಡ. ನಿನ್ನ ಹೆಂಡತಿಯ ಕಿವಿಯ ಹಿಂದೆ ಹಾಕಿದ್ದ ಹೊಲಿಗೆಯನ್ನು ನಾನು ನೋಡಿದ್ದೇನೆ.

ಇಂತಿ
ಅಕ್ಕ


ಜನವರಿ 30

ಅಕ್ಕನಿಗೆ,

ಗಾಯಕ್ಕೆ ಮುಲಾಮು ಹಚ್ಚಿಕೋ, ಕೆರೆದುಕೊಳ್ಳಬೇಡ. ಉಳಿದ ಮಾತಿಗೆ ನಾನು ಉತ್ತರ ಬರೆಯುವುದಿಲ್ಲ.

ನಮ್ಮ ಜೈಲು ಸಿಬ್ಬಂದಿಯ ಕ್ವಾರ್ಟರ್ಸಿಗೆ ಒಬ್ಬರು ಭಾಷಣ ಮಾಡಲು ಬಂದಿದ್ದರು. ಎಲ್ಲರೂ ಅವರನ್ನು ಪಥ್ಯದ ಮೇಷ್ಟ್ರು ಎನ್ನುತ್ತಾರೆ. ಭಾಷಣ ಮುಗಿದ ಮೇಲೆ ಚೂಟಿಯ ವಿಷಯ ಹೇಳಿದೆ. “ನಿಮ್ಮ ಮಗು ತಲೆ ಕೆಟ್ಟಿಲ್ಲ, ಹೊಟ್ಟೆ ಕೆಟ್ಟಿದೆ. ಗೋಧಿ, ಹಾಲು, ಸಕ್ಕರೆ, ಬಣ್ಣ, ಈ ನಾಲ್ಕನ್ನ ನಿಲ್ಲಿಸಿಬಿಡಿ. ಮೂರೇ ತಿಂಗಳು, ನಿಮ್ಮನ್ನ ಅಪ್ಪಾ ಅಂತ ಕರೀತಾಳೆ,” ಎಂದರು. ಹದಿನಾರು ವರ್ಷ ಜೈಲಿನಲ್ಲಿ ಕಾವಲು ಕಾಯ್ದವನು ನಾನು. ಸುಳ್ಳು ಹೇಳುವವನ ಮುಖ ನನಗೆ ಗೊತ್ತು. ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ, ಹೇಳಿದ್ದನ್ನು ನಂಬಿದ್ದರು.

ಅಂದೇ ಕಿತ್ತಳೆ ಪುಡಿಯನ್ನು ಬಚ್ಚಲಿಗೆ ಸುರಿದೆ. ನಿನಗೆ ಸಂತೋಷವಾಗಬೇಕು. ಮರುದಿನ ಹಾಲು ನಿಲ್ಲಿಸಿದೆ. ಚೂಟಿ ಅಡುಗೆಮನೆಯ ಬಾಗಿಲನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಒದ್ದಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಆ ಕಡೆ ಕೂತಿದ್ದೆ. ಒಂದೊಂದು ಒದೆತವೂ ಬೆನ್ನುಮೂಳೆಗೆ ತಾಗುತ್ತಿತ್ತು. ಮಧ್ಯೆ ಲೋಟ ಒಡೆದು ಚೂರಿನಿಂದ ಪರದೆಯನ್ನು ಸೀಳಿದಳು, ತನ್ನ ಅಂಗೈಯನ್ನೂ. ಕೆನ್ನೆಯನ್ನು ಪರಚಿಕೊಂಡು ರಕ್ತ ತಂದುಕೊಂಡಳು. ಕೈದಿಗಳು ಗಲಾಟೆ ಮಾಡಿದಾಗ ಸೀಟಿ ಊದಿದರೆ ಹತ್ತು ಜನ ಓಡಿ ಬರುತ್ತಾರೆ. ಇಲ್ಲಿ ಯಾರನ್ನು ಕರೆಯಲಿ?

ಆರನೆಯ ದಿನ ಅವಳು ಸುಮ್ಮನಾದಳು. ಗಿರಗಿರ ಸುತ್ತುವುದಿಲ್ಲ, ಕಿರುಚುವುದಿಲ್ಲ. ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಹೋಗಿ ಕೂತೆ, ದೂಡಲಿಲ್ಲ. ನನ್ನ ತೋಳಿಗೆ ತಲೆ ಒರಗಿಸಿದಳು. ಎಂಟು ವರ್ಷದಲ್ಲಿ ಮೊದಲ ಸಲ ಅಕ್ಕ. ನಾನು ಅತ್ತುಬಿಟ್ಟೆ.

ಈಗ ಉಳಿದಿರುವುದು ಗೋಧಿ. ಬಿಸ್ಕತ್ತೂ ಗೋಧಿಯದೇ, ಅದನ್ನೂ ನಿಲ್ಲಿಸಿದೆ. ನಿನ್ನ ಬ್ರೆಡ್ಡು ನಿಲ್ಲಿಸಿದರೆ ಅವಳು ಸತ್ತೇ ಹೋಗುತ್ತಾಳೆ, ಅದು ನನಗೂ ಗೊತ್ತು. ನೀನು ಗೋಧಿಯಿಲ್ಲದೆ ಅದೇ ಬ್ರೆಡ್ಡು ಮಾಡಬೇಕು. ಅವಳಿಗೆ ತಿಳಿಯಬಾರದು. ನಿನ್ನ ಕೈಲಿ ಆಗದಿದ್ದರೆ ಇನ್ನು ಯಾರ ಕೈಲಿ ಆಗುತ್ತದೆ?

ತಮ್ಮ


ಫೆಬ್ರವರಿ 19

ತಮ್ಮಾ,

ನಿನ್ನ ಕಾಗದವನ್ನು ಏಳೆಂಟು ಸಲ ಓದಿದೆ. ತೋಳಿಗೆ ತಲೆ ಒರಗಿಸಿದಳು ಎನ್ನುವ ಸಾಲಿಗೆ ಬಂದಾಗಲೆಲ್ಲ ಕಣ್ಣು ಮಂಜಾಗುತ್ತದೆ. ಹಾಗೆ ಮಾಡುವ ಮಗುವಲ್ಲ ಅದು. ಊಟದಲ್ಲಿ ಏನೋ ಇರಲೇಬೇಕು ಎಂದು ನಾನೂ ಈಗ ನಂಬಿದ್ದೇನೆ.

ಗೋಧಿಯಿಲ್ಲದ ಬ್ರೆಡ್ಡು ಎಂದರೆ ಮೂಳೆಯಿಲ್ಲದ ದೇಹ. ಉಬ್ಬುತ್ತದೆ, ಕುಸಿಯುತ್ತದೆ. ಅಕ್ಕಿ ಹಿಟ್ಟು, ಗೆಣಸಿನ ಹಿಟ್ಟು, ನೆನೆಸಿ ರುಬ್ಬಿದ ಅಗಸೆ, ಎಲ್ಲವನ್ನೂ ಹಾಕಿ ನೋಡಿದೆ. ಮೊದಲ ಹನ್ನೊಂದು ಸಲದ್ದನ್ನು ಬೀದಿನಾಯಿಯೂ ಮೂಸಿ ಬಿಟ್ಟಿತು. ಹದಿನೈದನೆಯದು ನಿಂತಿತು. ನನ್ನ ಒಲೆಯ ಎಡಗಡೆ ಬಿಸಿ ಜಾಸ್ತಿ ಎಂದು ನಿನಗೆ ಗೊತ್ತಲ್ಲ, ಆ ಸಾಲಿನ ಬ್ರೆಡ್ಡಿಗೆ ಒಂದು ಮೂಲೆ ಕಪ್ಪಗೆ ಸುಡುತ್ತದೆ, ಚೂಟಿ ಅಲ್ಲಿಂದಲೇ ತಿನ್ನಲು ಶುರುಮಾಡುತ್ತಾಳೆ. ಇದಕ್ಕೂ ಅದೇ ಮೂಲೆಯನ್ನು ಅಷ್ಟೇ ಸುಟ್ಟಿದ್ದೇನೆ. ತೂಕ ಅದೇ, ಸುತ್ತುವ ಕಾಗದ ಅದೇ. ವಾಸನೆಗೆಂದು ಹೊರಮೈಗೆ ಮಾತ್ರ ಹಳೆಯ ಹುದುಗಿನ ನೀರು ಸವರಿದ್ದೇನೆ. ಇಪ್ಪತ್ತೆರಡು ವರ್ಷದಿಂದ ದಿನಾ ಬರುವ ಹೊಲಿಗೆಯಮ್ಮನಿಗೆ ಒಂದು ತುಂಡು ಕೊಟ್ಟೆ. “ಇವತ್ತು ಸ್ವಲ್ಪ ಮೆತ್ತಗಿದೆ ಕಣಮ್ಮ,” ಎಂದಳು, ಅಷ್ಟೇ. ಅವಳು ಹೋದ ಮೇಲೆ ಒಬ್ಬಳೇ ನಕ್ಕೆ. ನನ್ನ ಕಸುಬಿನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಿಲ್ಲ.

ಕೊಟ್ಟು ನೋಡು. ಏನಾಯಿತು ಬರೆ.

ಇಂತಿ
ಅಕ್ಕ


ಫೆಬ್ರವರಿ 27

ಅಕ್ಕನಿಗೆ,

ಅವಳು ಸುಟ್ಟ ಮೂಲೆಯನ್ನು ಕಚ್ಚಿದಳು. ಅಗಿಯುವುದನ್ನು ನಿಲ್ಲಿಸಿದಳು. ಬಾಯಲ್ಲಿದ್ದದ್ದನ್ನು ಅಂಗೈಗೆ ಉಗಿದು, ಬೆರಳಿನಿಂದ ಹರಡಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಯಾರ ಕಣ್ಣನ್ನೂ ನೋಡದ ಮಗು ಅದು, ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಡಬ್ಬಿಯಲ್ಲಿದ್ದ ಎಲ್ಲವನ್ನೂ ಹರಿದಳು. ಡಬ್ಬಿಯನ್ನೇ ನನ್ನ ಮೇಲೆ ಎಸೆದಳು, ಹುಬ್ಬು ಸೀಳಿತು. ಮರುದಿನ ನಾನು ಹೆದರಿ, ಕಪಾಟಿನಲ್ಲಿದ್ದ ನಿಜವಾದ ಬ್ರೆಡ್ಡನ್ನೇ ಕೊಟ್ಟೆ. ಅದನ್ನೂ ಮುಟ್ಟಲಿಲ್ಲ. ಈಗ ಅವಳಿಗೆ ಎರಡೂ ಒಂದೇ.

ಮೂರು ದಿನ ನೀರು ಬಿಟ್ಟು ಏನೂ ಇಲ್ಲ. ಪಥ್ಯದ ಮೇಷ್ಟ್ರು, “ವಿಷ ಇಳೀತಾ ಇದೆ, ಗಟ್ಟಿ ಮನಸ್ಸು ಮಾಡಿ,” ಎಂದರು. ನಾಲ್ಕನೆಯ ದಿನ ನಾನು ಗಟ್ಟಿ ಮಾಡಿಕೊಂಡೆ.

ಜೈಲಿನಲ್ಲಿ ಉಪವಾಸ ಕೂತವರಿಗೆ ಹೇಗೆ ತಿನ್ನಿಸುತ್ತಾರೆ ಎಂದು ನೀನು ಯಾವಾಗಲೋ ಕೇಳಿದ್ದೆ, ನಾನು ಹೇಳಿರಲಿಲ್ಲ. ಒಬ್ಬ ಕಾಲಿನ ಮೇಲೆ ಕೂರುತ್ತಾನೆ. ಒಬ್ಬ ತಲೆಯನ್ನು ತೊಡೆಗಳ ನಡುವೆ ಒತ್ತಿ ಹಿಡಿಯುತ್ತಾನೆ. ಮೂಗು ಮುಚ್ಚಿದರೆ ಬಾಯಿ ತಾನಾಗಿ ತೆರೆಯುತ್ತದೆ. ಮೂರು ಜನ ಬೇಕು ಆ ಕೆಲಸಕ್ಕೆ. ಚೂಟಿಗೆ ನಾನೊಬ್ಬನೇ ಸಾಕಾದೆ. ಅಕ್ಕಿಯ ಗಂಜಿ. ಚಮಚ ತಾಗಿ ಅವಳ ಮುಂದಿನ ಹಲ್ಲು ಅರ್ಧ ಮುರಿಯಿತು. ಅವಳು ನನ್ನ ತೋರುಬೆರಳನ್ನು ಮೂಳೆ ಕಾಣುವ ಹಾಗೆ ಕಚ್ಚಿದಳು, ನಾಲ್ಕು ಹೊಲಿಗೆ ಬಿದ್ದವು. ಗಂಜಿ ಒಳಗೆ ಹೋಯಿತು. ಆಮೇಲೆ ಎಲ್ಲ ಹೊರಗೆ ಬಂತು.

ನನ್ನನ್ನು ಬಯ್ಯಬೇಡ. ಅವಳು ಬದುಕಲಿ ಎಂದು ಮಾಡಿದೆ.

ತಮ್ಮ


ಮಾರ್ಚ್ 2

ತಮ್ಮಾ,

ಬಯ್ಯುತ್ತೇನೆ. ಇನ್ನೊಂದು ಸಲ ಅವಳ ಮೂಗು ಮುಚ್ಚಿದರೆ ನಿನ್ನ ಮೂಗು ನಿನ್ನ ಮುಖದ ಮೇಲಿರುವುದಿಲ್ಲ.

ನಿನಗೆ ಆರು ವರ್ಷ, ನನಗೆ ಹದಿಮೂರು. ಅಪ್ಪ ಬೆಲ್ಟನ್ನು ಮೇಜಿನ ಮೇಲೆ ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದ. ನಿನಗೆ ಬೇಯಿಸಿದ ಕುಂಬಳ ಸೇರುತ್ತಿರಲಿಲ್ಲ. ಅಂದು ನೀನು ನುಂಗಿದೆ, ತಟ್ಟೆಗೇ ಕಕ್ಕಿದೆ. “ಅದನ್ನೂ ತಿನ್ನು,” ಎಂದ. ನಿನ್ನ ಬೆನ್ನ ಮೇಲೆ ಎರಡು ಏಟು ಬಿತ್ತು. ಅಪ್ಪ ಎದ್ದು ಕೈ ತೊಳೆಯಲು ಹೋದ, ಅಷ್ಟರಲ್ಲಿ ನಿನ್ನ ತಟ್ಟೆ ಎಳೆದುಕೊಂಡು ನಾನು ತಿಂದೆ. ಎಲ್ಲವನ್ನೂ. ಅಪ್ಪ ವಾಪಸು ಬಂದು ಖಾಲಿ ತಟ್ಟೆ ನೋಡಿ ನಿನ್ನ ತಲೆ ಸವರಿ ಅತ್ತ, ನೆನಪಿದೆಯಾ? “ನಿನ್ನ ಒಳ್ಳೇದಕ್ಕೇ ಕಣೋ,” ಎಂದ. ಈ ಮಾತನ್ನು ನಾವಿಬ್ಬರೂ ಇಷ್ಟು ವರ್ಷ ಆಡಿಲ್ಲ. ಈಗ ಆಡುತ್ತಿದ್ದೇನೆ, ಯಾಕೆಂದರೆ ನಿನ್ನ ಕಾಗದದ ಕೊನೆಯ ಸಾಲು ಅಪ್ಪನ ಬಾಯಿಂದ ಬಂದ ಹಾಗಿದೆ.

ತಪ್ಪು ನನ್ನದೂ ಇದೆ. ಆ ಮಗು ಈ ಪ್ರಪಂಚದಲ್ಲಿ ನಂಬಿದ್ದೇ ನಾಲ್ಕು ವಸ್ತುಗಳನ್ನು. ಅದರಲ್ಲಿ ಒಂದನ್ನು ಖೋಟಾ ಮಾಡಿ ಕಳಿಸಿದವಳು ನಾನು, ಅದೂ ಮೆರೆದುಕೊಂಡು. ಗಿರಾಕಿಯನ್ನು ಏಮಾರಿಸಬಹುದು, ಮಗುವನ್ನು ಏಮಾರಿಸಬಾರದಿತ್ತು.

ಈ ಡಬ್ಬಿಯಲ್ಲಿ ನಿಜವಾದ ಎಂಟು ಬ್ರೆಡ್ಡಿವೆ. ತಿನ್ನಿಸಬೇಡ. ಅವಳ ಕಣ್ಣಿಗೆ ಬೀಳುವ ಕಡೆ ಇಟ್ಟು ದೂರ ಹೋಗು. ಹಾಲು ಕೊಡು. ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಇಲ್ಲವಾದರೆ ನಾನೇ ಬರುತ್ತೇನೆ.

ಅಕ್ಕ


ಮಾರ್ಚ್ 21

ಅಕ್ಕನಿಗೆ,

ಬರಬೇಡ. ಬ್ರೆಡ್ಡು ಕಳಿಸುವುದನ್ನೂ ನಿಲ್ಲಿಸು, ಬೂಷ್ಟು ಹಿಡಿದದ್ದನ್ನು ಬಿಸಾಡುತ್ತಿದ್ದೇನೆ.

ಪಥ್ಯದ ಮೇಷ್ಟ್ರು ಕೊಟ್ಟ ಅಕ್ಕಿಯ ಬಿಲ್ಲೆಗಳನ್ನು ಅವಳಾಗಿಯೇ ತಿನ್ನಲು ಶುರುಮಾಡಿದ್ದಾಳೆ. ಬಿಳಿ, ಗರಿಗರಿ, ಎಲ್ಲವೂ ಒಂದೇ ಅಳತೆ. ದಿನಕ್ಕೆ ಇಪ್ಪತ್ತು ಬಿಲ್ಲೆ, ನೀರು. ಬೇರೆ ಏನೂ ಬೇಡ. ಗಲಾಟೆ ಇಲ್ಲ. ಹಲ್ಲುಜ್ಜುವಾಗ ರಕ್ತ ಬರುತ್ತದೆ, ಅದು ಮುರಿದ ಹಲ್ಲಿನಿಂದ ಇರಬೇಕು. ಎಷ್ಟು ಶಾಂತವಾಗಿದ್ದಾಳೆ ಎಂದರೆ ನೀನು ನೋಡಿದರೆ ನಮ್ಮ ಚೂಟಿಯೇ ಅಲ್ಲ ಅನ್ನುತ್ತೀಯ. ಆಸ್ಪತ್ರೆಯವರು ಇಷ್ಟು ವರ್ಷ ಮಾಡಲಾಗದ್ದು ಎರಡು ತಿಂಗಳ ಪಥ್ಯದಲ್ಲಿ ಆಗಿದೆ.

ಅಪ್ಪನ ಮಾತು ತೆಗೆಯಬೇಡ.

ತಮ್ಮ


ಏಪ್ರಿಲ್ 16

ಅಕ್ಕನಿಗೆ,

ಅವಳು ನಡೆಯುವುದನ್ನು ನಿಲ್ಲಿಸಿದ್ದಾಳೆ. ಕಾಲು ಮಡಚಿಕೊಂಡು ಮಲಗಿದಲ್ಲೇ ಇರುತ್ತಾಳೆ. ನಿಲ್ಲಿಸಲು ಹೋದರೆ ಕೊಲೆಯಾಗುತ್ತಿರುವವಳಂತೆ ಕಿರುಚುತ್ತಾಳೆ. ಬಿದ್ದಿಲ್ಲ, ಜ್ವರವಿಲ್ಲ. ಹಟ. ಎರಡು ವಾರದಿಂದ ಈ ಹಟ. ನನಗೂ ಹಟ ಗೊತ್ತು.

ತಮ್ಮ


ಏಪ್ರಿಲ್ 20
ಮಕ್ಕಳ ವಾರ್ಡಿನಿಂದ

ನಿನ್ನನ್ನು ತಮ್ಮ ಎಂದು ಕರೆಯಲು ಬಾಯಿ ಬರುತ್ತಿಲ್ಲ.

ನಿನಗೆ ಪ್ರಜ್ಞೆ ಬಂದಾಗ ಏನು ನೆನಪಿತ್ತೋ ಗೊತ್ತಿಲ್ಲ, ಆದ್ದರಿಂದ ನಡೆದದ್ದನ್ನು ಬರೆಯುತ್ತೇನೆ. ಶನಿವಾರ ಮಧ್ಯಾಹ್ನ ಹೇಳದೆ ಕೇಳದೆ ಬಂದೆ. ಬಾಗಿಲು ತೆರೆದಿತ್ತು. ಚೂಟಿ ಚಾಪೆಯ ಮೇಲಿದ್ದಳು. ಲಂಗ ಸರಿಸಿ ನೋಡಿದೆ. ತೊಡೆಯಿಂದ ಪಾದದವರೆಗೆ ನೀಲಿ, ಹಸಿರು, ಕಪ್ಪು. ತೋಳಿನಲ್ಲಿ, ಬೆನ್ನಿನಲ್ಲಿ, ಕಣ್ಣಿನ ರೆಪ್ಪೆಯ ಮೇಲೂ. ವಸಡು ಊದಿ ಹಲ್ಲನ್ನೇ ಮುಚ್ಚಿತ್ತು, ರಕ್ತ ದಿಂಬಿಗೆ ಇಳಿದು ಒಣಗಿತ್ತು. ಮಂಡಿ ಮುಟ್ಟಿದೆ, ಆ ಕೂಗು ಈಗಲೂ ಕಿವಿಯಲ್ಲಿದೆ. ನೀನು ಒಳಗಿನಿಂದ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, “ಯಾವಾಗ ಬಂದೆ ಅಕ್ಕಾ?” ಎಂದೆ.

ಬಾಗಿಲ ಹಿಂದೆ ನಿನ್ನ ಡ್ಯೂಟಿಯ ದೊಣ್ಣೆ ನೇತಾಡುತ್ತಿತ್ತು. ದಿನಕ್ಕೆ ಅರವತ್ತು ಕೇಜಿ ಹಿಟ್ಟು ನಾದುವ ತೋಳು ನನ್ನದು. ಮೊದಲನೆಯ ಏಟಿಗೆ ನಿನ್ನ ಮುಂಗೈ ಮುರಿಯಿತು, ಸದ್ದು ಕೇಳಿಸಿತು. ಎರಡನೆಯದು ಭುಜಕ್ಕೆ. ನೀನು ಕೈ ಅಡ್ಡ ಹಿಡಿಯಲಿಲ್ಲ. ಮೂರನೆಯದು ತಲೆಗೆ ಬಿತ್ತು, ನೀನು ಬಿದ್ದೆ. ನಾಲ್ಕನೆಯದಕ್ಕೆ ಎತ್ತಿದ ಕೈಯನ್ನು ಪಕ್ಕದ ಮನೆಯವನು ಹಿಂದಿನಿಂದ ಹಿಡಿದುಕೊಂಡ. ಹಿಡಿಯದಿದ್ದರೆ ನಾನು ಇಂದು ನೀನು ಕೆಲಸ ಮಾಡುವ ಜೈಲಿನಲ್ಲೇ ಇರುತ್ತಿದ್ದೆ.

ನೀನು ಮಗುವನ್ನು ಹೊಡೆದು ಈ ಗತಿಗೆ ತಂದಿದ್ದೀಯ ಎಂದು ದೂರು ಬರೆದುಕೊಟ್ಟಿದ್ದೇನೆ. ಮಕ್ಕಳ ರಕ್ಷಣೆಯ ಅಧಿಕಾರಿ ಬಂದು ಒಂದೊಂದು ಗುರುತನ್ನೂ ಫೋಟೋ ತೆಗೆದುಕೊಂಡಿದ್ದಾರೆ. ಈ ಕಾಗದವನ್ನು ನಿನ್ನ ಜೊತೆ ಕೆಲಸ ಮಾಡುವವನ ಕೈಲಿ ಕಳಿಸುತ್ತಿದ್ದೇನೆ. ಉತ್ತರ ಬೇಡ.


ಮೇ 3

ತಮ್ಮಾ,

ಈ ಕಾಗದ ಬರೆಯಲು ನಾಲ್ಕು ದಿನ ತೆಗೆದುಕೊಂಡೆ. ಹರಿದು ಹಾಕದೆ ಪೂರ್ತಿ ಓದು.

ಚೂಟಿ ಬದುಕಿದಳು. ಅವಳಿಗಿರುವ ಕಾಯಿಲೆಯ ಹೆಸರು ಸ್ಕರ್ವಿ. ಹಿಂದಿನ ಕಾಲದಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿರುತ್ತಿದ್ದವರಿಗೆ ಬರುತ್ತಿತ್ತಂತೆ. ಸಿ ವಿಟಮಿನ್ನು ಒಂದು ಚೂರೂ ದೇಹಕ್ಕೆ ಸೇರದಿದ್ದರೆ ರಕ್ತನಾಳಗಳು ಹರಿದ ಬಟ್ಟೆಯ ಹಾಗೆ ಆಗುತ್ತವಂತೆ. ಮುಟ್ಟಿದರೆ ಸಾಕು, ಕೆಲವು ಸಲ ಮುಟ್ಟದಿದ್ದರೂ, ಚರ್ಮದ ಕೆಳಗೆ ರಕ್ತ ಹರಿದು ನೀಲಿಯಾಗುತ್ತದೆ. ವಸಡು ಒಡೆಯುತ್ತದೆ. ಕಾಲಿನ ಮೂಳೆಯ ಮೇಲಿನ ಪೊರೆಯೊಳಗೆ ರಕ್ತ ತುಂಬಿ, ನಿಂತರೆ ಜೀವ ಹೋಗುವ ನೋವು. ಅವಳದು ಹಟವಲ್ಲ. ಹಾಗೆಯೇ ಆ ಗುರುತುಗಳೂ ಏಟಿನವಲ್ಲ ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದಾರೆ.

“ಮನೇಲಿ ಏನೇನು ತಿಂತಿದ್ಲು, ಪೊಟ್ಟಣ ಸಮೇತ ತಗೊಂಡು ಬನ್ನಿ,” ಎಂದಿದ್ದರು. ಅಂಗಡಿಯಿಂದ ಒಂದು ಕಿತ್ತಳೆ ಪುಡಿಯ ಪೊಟ್ಟಣ ತಂದುಕೊಟ್ಟೆ. ಅದರ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು, ಸಿ ವಿಟಮಿನ್ ಸೇರಿಸಿದ್ದಾರೆಂದು. ಅಷ್ಟು ವರ್ಷ ಅವಳಿಗೆ ಅದು ಸಿಕ್ಕಿದ್ದು ಅದೊಂದರಿಂದಲೇ. ನಿಲ್ಲಿಸು ಎಂದು ನಿನಗೆ ಮೊದಲು ಬರೆದದ್ದು ಪಥ್ಯದ ಮೇಷ್ಟ್ರಲ್ಲ, ನಾನು.

ಇದೆಲ್ಲ ತಿನ್ನುವುದರಿಂದ ಬಂತೇ ಎಂದು ನೀನು ಕೇಳಿದ ಪ್ರಶ್ನೆಯನ್ನು ಡಾಕ್ಟರಮ್ಮನಿಗೆ ಕೇಳಿದೆ. ಒಳ್ಳೆಯ ಹೆಂಗಸು, ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. “ಊಟದಿಂದ ಆಟಿಸಂ ಬರಲ್ಲಮ್ಮ, ಊಟ ಬದಲಾಯಿಸಿದ್ರೆ ಹೋಗೋದೂ ಇಲ್ಲ. ಹಂಗಂತ ಊಟಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ ಅಂತ ನಾನು ಹೇಳಲ್ಲ. ಕೆಲವು ಮಕ್ಕಳಿಗೆ ಕೆಲವು ಬಣ್ಣ ಹಾಕಿದ್ದು ಆಗಿಬರಲ್ಲ, ಚಡಪಡಿಕೆ ಸ್ವಲ್ಪ ಜಾಸ್ತಿ ಆಗಬಹುದು. ಕಬ್ಬಿಣದಂಶ ಕಮ್ಮಿ ಇದ್ರೆ ನಿದ್ದೆ ಕೆಡುತ್ತೆ. ಹೊಟ್ಟೆನೋವು ಬಾಯಲ್ಲಿ ಹೇಳೋಕಾಗ್ದೆ ತಲೆ ಚಚ್ಕೊಳ್ಳೋ ಮಕ್ಕಳಿದ್ದಾರೆ. ಅದನ್ನೆಲ್ಲ ರಕ್ತ ನೋಡಿ, ತೂಕ ನೋಡಿ, ಒಂದೊಂದೇ ಹೆಜ್ಜೆ ಇಟ್ಟು ನೋಡ್ಬೇಕು. ನಾಲ್ಕೇ ಪದಾರ್ಥ ತಿನ್ನೋ ಮಗು ಕೈಯಿಂದ ಒಂದನ್ನ ಕಿತ್ಕೊಳ್ಳೋ ಮುಂಚೆ ಐದನೇದು ಸಿಕ್ಕಿರಬೇಕು,” ಎಂದರು. ಮೊದಲ ವಾರದಲ್ಲೇ ಅವಳು ಅಷ್ಟು ಶಾಂತವಾದಳಲ್ಲ ಎಂದೆ. “ಅದು ಗುಣ ಆಗಿದ್ದಲ್ಲ, ಹೊಟ್ಟೆಗೆ ಸಾಲದೆ ಆದ ನಿತ್ರಾಣ,” ಎಂದರು.

ನಿನ್ನ ತೋಳಿಗೆ ಅವಳು ತಲೆ ಒರಗಿಸಿದ್ದು ಅದಕ್ಕೇ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದೆ.

ಈಗ ಅವಳು ಕಿತ್ತಳೆ ನೀರು ಕುಡಿಯುತ್ತಿದ್ದಾಳೆ. ವಾರ್ಡಿನಲ್ಲಿ ಮೊದಲ ಲೋಟ ಕಂಡ ಕೂಡಲೇ ಎರಡೂ ಕೈಯಲ್ಲಿ ಕಿತ್ತುಕೊಂಡಳು. ನಿನ್ನೆ ನರ್ಸಿಗೆ ಕಚ್ಚಿದಳು, ಎಲ್ಲರೂ ಸಂತೋಷಪಟ್ಟೆವು, ನರ್ಸೊಬ್ಬಳನ್ನು ಬಿಟ್ಟು. ನನ್ನ ಬ್ರೆಡ್ಡನ್ನು ಮಾತ್ರ ಮುಟ್ಟುವುದಿಲ್ಲ. ಇನ್ನೆಂದೂ ಮುಟ್ಟದೇ ಇರಬಹುದು ಎಂದು ಡಾಕ್ಟರಮ್ಮ ಹೇಳಿದರು. ಅದು ನನಗೆ ಆಗಬೇಕಾದ್ದೇ.

ಅಧಿಕಾರಿ ದೂರನ್ನು ಮುಚ್ಚುತ್ತಿದ್ದಾರೆ. ಗುರುತುಗಳೆಲ್ಲ ಕಾಯಿಲೆಯವು, ತಂದೆಯ ಮೇಲೆ ತಪ್ಪಿಲ್ಲ ಎಂದು ಬರೆದಿದ್ದಾರೆ. ಹತ್ತನೆಯ ತಾರೀಖು ಬೆಳಿಗ್ಗೆ ಚೂಟಿಯನ್ನು ನಿನ್ನ ಕೈಗೆ ಒಪ್ಪಿಸುತ್ತಾರಂತೆ. ಮಾಡದ ತಪ್ಪಿಗೆ ನಿನ್ನ ಕೈ ಮುರಿದೆ, ಇನ್ನೊಂದು ಏಟು ಬಿದ್ದಿದ್ದರೆ ನಿನ್ನನ್ನು ಕೊಂದೇಬಿಡುತ್ತಿದ್ದೆ. ಯಾವ ಮುಖ ಇಟ್ಟುಕೊಂಡು ಕ್ಷಮಿಸು ಎನ್ನಲಿ? ಆದರೂ ಕ್ಷಮಿಸು. ಬಾ, ನಿನ್ನ ಮಗಳನ್ನು ಕರೆದುಕೊಂಡು ಹೋಗು.

ಇಂತಿ
ನಿನ್ನ ಅಕ್ಕ


ಮೇ 9

ಅಕ್ಕನಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ಅಧಿಕಾರಿಯ ವರದಿಯ ಪ್ರತಿ ನನಗೂ ಬಂತು. ಕ್ವಾರ್ಟರ್ಸಿನವರೆಲ್ಲ ಮನೆಗೆ ಬಂದು, “ನಿಮ್ಮ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ರಲ್ಲ,” ಎಂದು ಬೆನ್ನು ತಟ್ಟಿ ಹೋದರು. ನಾನು ತಲೆಯಾಡಿಸಿದೆ. ಎರಡು ದಿನ ಹಾಗೆಯೇ ತಲೆಯಾಡಿಸುತ್ತಿದ್ದೆ.

ವರದಿಯಲ್ಲಿ ಹದಿನೇಳು ಗುರುತುಗಳ ಪಟ್ಟಿ ಇದೆ. ಎಲ್ಲಿ, ಎಷ್ಟುದ್ದ, ಯಾವ ಬಣ್ಣ. ಹದಿನೇಳರ ಮುಂದೆಯೂ ಕಾಯಿಲೆ ಎಂದು ಬರೆದಿದ್ದಾರೆ. ನಾನು ಪೆನ್ಸಿಲು ಹಿಡಿದು ಕೂತೆ. ಬಲತೋಳಿನ ಮೇಲಿನ ನಾಲ್ಕು ಬೆರಳಿನ ಅಚ್ಚು ನನ್ನದು, ಅಲ್ಲಿ ಹಿಡಿದು ನಿಲ್ಲಿಸಿದೆ, ನಿಲ್ಲದಾಗ ಎಳೆದೆ. ಬಲಗೆನ್ನೆಯದು ನನ್ನದು. ತೊಡೆಯ ಹಿಂದಿನ ಉದ್ದ ಗೆರೆ ನನ್ನದು, ಅದು ಬೆಲ್ಟು. ಮೂರು ಖಂಡಿತ ನನ್ನವು. ಪಾದದ ಹತ್ತಿರದ ಆರು ಖಂಡಿತ ಅಲ್ಲ. ಉಳಿದ ಎಂಟು ಯಾರವು ಎಂದು ನನಗೇ ಗೊತ್ತಾಗಲಿಲ್ಲ. ಬೆಳಗಿನಿಂದ ಕೂತು ಯೋಚಿಸಿದೆ ಅಕ್ಕ, ಗೊತ್ತಾಗಲಿಲ್ಲ.

ನೀನು ದೊಣ್ಣೆ ಎತ್ತಿದಾಗ ನಾನು ಯಾಕೆ ಕೈ ಅಡ್ಡ ಹಿಡಿಯಲಿಲ್ಲ ಎಂದು ನೀನು ಕೇಳಲೇ ಇಲ್ಲ.

ಗಂಜಿಯ ವಿಷಯದಲ್ಲೂ ನಿನಗೆ ಅರ್ಧವನ್ನೇ ಬರೆದಿದ್ದೆ. ಅವಳು ಬದುಕಲಿ ಎಂದು ಮೂಗು ಮುಚ್ಚಿದ್ದು ಮೊದಲನೆಯ ದಿನ, ಅದು ನಿಜ. ಆಮೇಲೆ ಐದು ದಿನ ಮಾಡಿದೆ. ಎರಡನೆಯ ದಿನ ಅವಳನ್ನು ನೆಲಕ್ಕೆ ಒತ್ತಿ ಹಿಡಿದಾಗ ಗಂಜಿ ಪಕ್ಕದಲ್ಲಿ ಆರಿಹೋಗಿತ್ತು, ನಾನು ಅದರ ಕಡೆ ನೋಡಲೂ ಇಲ್ಲ. ಅವಳು ತಿನ್ನಲಿ ಎಂದು ಆಗ ನನಗಿರಲಿಲ್ಲ. ಸೋಲಲಿ ಎಂದಿತ್ತು. ಅವಳು ಕೈಕಾಲು ಬಡಿಯುವುದನ್ನು ನಿಲ್ಲಿಸಿದಾಗ ನನಗೆ ಹಿತವಾಯಿತು. ಜೈಲಿನಲ್ಲೂ ಹೀಗಾಗುತ್ತಿತ್ತು, ಅಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ. ಪಥ್ಯದ ಮೇಷ್ಟ್ರನ್ನು ನಾನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ಮಗಳ ಮೇಲಿನ ಪ್ರೀತಿಗೆ ಎಂದುಕೊಂಡಿದ್ದೆ. ಹೊಡೆಯಲು ಒಳ್ಳೆಯದೊಂದು ಕಾರಣ ಸಿಕ್ಕಿತ್ತು, ಅಷ್ಟೇ.

ನಿನ್ನೆ ಅಧಿಕಾರಿಯ ಕಚೇರಿಗೆ ಹೋಗಿ ಇದನ್ನೆಲ್ಲ ಹೇಳಿದೆ. “ಡಾಕ್ಟರೇ ಕಾಯಿಲೆ ಅಂತ ಬರೆದಾಗ ನೀವ್ಯಾಕ್ರೀ ಮೈಮೇಲೆ ಎಳ್ಕೋತೀರಾ? ಕೆಲಸ ಹೋಗುತ್ತೆ, ಗೊತ್ತಾ?” ಎಂದರು. ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟು ಮೂರು ಕಡೆ ಬೆರಳಿಟ್ಟೆ. ಅವರು ಹೊಸ ಹಾಳೆ ತೆಗೆದು ಬರೆದುಕೊಂಡರು, ನಾನು ಎಡಗೈಯಲ್ಲಿ ರುಜು ಹಾಕಿದೆ. ನಾಳೆ ಚೂಟಿಯನ್ನು ನನ್ನ ಕೈಗೆ ಕೊಡುವುದಿಲ್ಲ. ನನ್ನ ಕೈ ಮುರಿದದ್ದಕ್ಕೆ ನನ್ನ ದೂರಿಲ್ಲ ಎಂದು ಬರೆದುಕೊಟ್ಟು, ನಿನ್ನ ಹೆಸರು ಹೇಳಿ ಬಂದಿದ್ದೇನೆ. ಒಪ್ಪಿಕೋ. ಅವಳು ಏನು ತಿಂದರೂ ತಿನ್ನಲಿ, ತಿನ್ನದಿದ್ದರೆ ಡಾಕ್ಟರಮ್ಮನಿಗೆ ಹೇಳು.

ನನ್ನ ಹತ್ತಿರ ಕ್ಷಮೆ ಕೇಳಬೇಡ. ನೀನು ಹೊಡೆದದ್ದು ಸರಿಯಾದವನಿಗೇ.

ಇನ್ನೊಂದು ಮಾತಿದೆ, ಅದಕ್ಕಾಗಿಯೇ ಈ ಕಾಗದ. ಅವಳ ಅಮ್ಮ ಎರಡು ಸಲ ಮನೆ ಬಿಟ್ಟು ಹೋಗಿ ಎರಡು ಸಲವೂ ವಾಪಸು ಬಂದಿದ್ದಳು. ಎರಡು ಸಲವೂ ನಾನು ಅವಳ ತವರಿನ ಬಾಗಿಲಲ್ಲಿ ನಿಂತು ಅತ್ತಿದ್ದೆ. ನಾಟಕವಲ್ಲ, ನಿಜವಾಗಿ ಅತ್ತಿದ್ದೆ. ನನಗೆ ನನ್ನ ಬುದ್ಧಿ ಗೊತ್ತು, ಒಂದು ತಿಂಗಳು ತಡೆದುಕೊಂಡೇನು, ಎರಡು ತಿಂಗಳು. ಆಮೇಲೆ ಒಂದು ದಿನ ನಿನ್ನ ಮನೆಗೆ ಬರುತ್ತೇನೆ. ಬಾಗಿಲು ಬಡಿದರೆ ತೆಗೆಯಬೇಡ ಅಕ್ಕ. ಅಳುತ್ತಾ ಬಡಿದರಂತೂ ತೆಗೆಯಲೇಬೇಡ.

ತಮ್ಮ